ಅಕ್ಕ ನೋಡಿದ ನಾಲ್ಕನೆಯ ಮನೆ

ಬೀಗ ತೆಗೆಯುವ ಮೊದಲೇ ಅವನಿಗೆ ಈ ಮನೆ ಚೆನ್ನಾಗಿದೆ ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ಸಿಟ್ಟು ಬಂತು. ಮನೆ ಕೊಳ್ಳುವವರ ಪರವಾಗಿ ಹೋಗಿ, ತಳಪಾಯದಿಂದ ತಾರಸಿಯವರೆಗೆ ತಪಾಸಣೆ ಮಾಡಿ, ಎಲ್ಲಿ ಸೋರುತ್ತದೆ, ಎಲ್ಲಿ ಕುಸಿಯುತ್ತದೆ, ಎಲ್ಲಿ ಶಾಕ್ ಹೊಡೆಯುತ್ತದೆ ಎಂದು ವರದಿ ಕೊಡುವುದೇ ಕಸುಬಾದವನಿಗೆ ಮನೆಯ ಗುಣ ಗೇಟಿನ ಹತ್ತಿರವೇ ತಿಳಿಯುತ್ತದೆ. ಗೋಡೆಯ ಬುಡದಲ್ಲಿ ತೇವದ ಗೆರೆ ಇರಲಿಲ್ಲ. ಕಿಟಕಿಗಳ ಮೂಲೆಯಲ್ಲಿ ಬಿರುಕು ಇರಲಿಲ್ಲ. ಮಳೆನೀರಿನ ಕೊಳವೆ ತಾರಸಿಯಿಂದ ಚರಂಡಿಯವರೆಗೆ ಒಂದೇ ನೇರಕ್ಕೆ ಇಳಿದಿತ್ತು; ಅದನ್ನು ಕೂರಿಸಿದವನು ಮಾತು ಕಡಿಮೆ ಆಡುವ ಮನುಷ್ಯನಿರಬೇಕು. ಹಿಂದೆ ನಿಂತಿದ್ದ ಅಕ್ಕ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಿದ್ದಳು. ಅವಳ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊರಡುವಾಗ ತೆಗೆದಿಡಲು ಮರೆತಳೋ, ಬೇಕೆಂದೇ ಹಾಕಿಕೊಂಡು ಬಂದಳೋ, ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ, ಅವನ ಹೆಂಡತಿ ಎದುರಿಗಿರುವಾಗಲೇ, ಅಕ್ಕ ಹೇಳಿದ್ದಳು: "ಇವತ್ತು ನನ್ನ ತಮ್ಮ ಅಂತ ಬರಬೇಡ. ಬೇರೆಯವರು ಕರೆದ್ರೆ ಹೇಗೆ ಹೋಗ್ತೀಯೋ ಹಾಗೆ ಬಾ." ಹೆಂಡತಿ ಲೋಟದೊಳಗೆ ಇಣುಕುತ್ತ ಕೂತಳು. ಅವನು ಎದ್ದು ಕೈ ತೊಳೆಯಲು ಹೋದ. ಅವನ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಅಡುಗೆಮನೆ ಪಕ್ಕದ ಇಕ್ಕಟ್ಟು ಹಾದಿಯನ್ನು ದಾಟಬೇಕು, ಆ ಹಾದಿಯಲ್ಲಿ ಅಕ್ಕನ ಹೊಲಿಗೆ ಮೆಷಿನು. ಅವನ ಮದುವೆಯಾದ ಹೊಸದರಲ್ಲಿ, ಸದ್ಯಕ್ಕೆ ಇಲ್ಲಿರಲಿ, ಆಮೇಲೆ ನೋಡೋಣ ಎಂದು ಇಟ್ಟದ್ದು. ಮಕ್ಕಳು ಕಾಲೇಜು ಮುಗಿಸಿದರೂ ಅಲ್ಲೇ ಇತ್ತು. ಯಾರು ಬಚ್ಚಲಿಗೆ ಹೊರಟರೂ ಅಕ್ಕ ಹೊಲಿಯುತ್ತಿದ್ದುದನ್ನು ಬಿಟ್ಟು ಎದ್ದು, ಕುರ್ಚಿ ಎತ್ತಿ, ಗೋಡೆಗೆ ಬೆನ್ನು ಒತ್ತಿಕೊಂಡು ದಾರಿ ಬಿಡಬೇಕು. ಅವರು ವಾಪಸು ಬರುವಾಗ ಮತ್ತೆ ಏಳಬೇಕು. ಯಾವತ್ತೂ ಮುಖ ಗಂಟು ಹಾಕಿದವಳಲ್ಲ. ಹೋದ ವರ್ಷ ಒಂದು ದಿನ ಮಾತ್ರ ಎದ್ದು ನಿಂತವಳು ಕುರ್ಚಿ ಹಿಡಿದುಕೊಂಡೇ, ನನಗೊಂದು ಸಣ್ಣ ಮನೆ ನೋಡಿಕೊಳ್ಳಬೇಕು, ಹೊಲಿದು ಕೂಡಿಟ್ಟದ್ದು ಸಾಕಾಗುತ್ತೆ ಅಂತ ಕಾಣುತ್ತೆ ಎಂದಳು. ಅವನು ಆಗ ಒದ್ದೆ ಕೈಯಲ್ಲಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ. ನಕ್ಕುಬಿಟ್ಟಿದ್ದ. ಯಾಕೆ ನಕ್ಕೆ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಮೂರು ಮನೆ ನೋಡಿದರು. ಮೂರಕ್ಕೂ ಅವನೇ ಬೇಡ ಎಂದ. ಮೊದಲನೆಯದರಲ್ಲಿ ಕಿಟಕಿಯ ಮೇಲೆ ಒಂದು ಬಿರುಕಿತ್ತು, ಎರಡನೆಯದರಲ್ಲಿ ಚರಂಡಿಯ ಇಳಿಜಾರು ಸರಿ ಇರಲಿಲ್ಲ, ಮೂರನೆಯದರಲ್ಲಿ ಪಕ್ಕದ ಮನೆಯ ಗೋಡೆ ಇತ್ತ ವಾಲಿತ್ತು. ಒಂದೂ ಸುಳ್ಳಲ್ಲ. ಆದರೆ ಬೇರೆಯವರು ಕೇಳಿದ್ದರೆ, ಬಿರುಕು ಗಾರೆಯದ್ದು ಅಷ್ಟೆ, ಗೋಡೆಯದ್ದಲ್ಲ, ತುಂಬಿಸಿ ಬಣ್ಣ ಹೊಡೆದರೆ ಆಯಿತು ಎಂದು ಹೇಳಿ ಟೀ ಕುಡಿದು ಬರುತ್ತಿದ್ದ. ಅಕ್ಕನಿಗೆ ಹೇಳುವಾಗ ಮುಖ ಸಣ್ಣದು ಮಾಡಿಕೊಂಡು, ಬಿರುಕನ್ನು ಬೆರಳಿನಿಂದ ತೋರಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟಿದ್ದ. ಆ ಸುಮ್ಮನೆ ನಿಂತದ್ದೇ ಕೆಲಸ ಮಾಡಿತ್ತು. ಅವಳು ಹೋದರೆ ಜನ ಏನಂದಾರು ಎಂಬುದು ಒಂದು. ಹೆಂಡತಿ ಮಾತು ಕೇಳಿ ಅಕ್ಕನನ್ನು ಹೊರಹಾಕಿದ ಅಂದಾರು. ಅದಕ್ಕೆ ಬೇಕಾದರೆ ಉತ್ತರ ಕೊಡಬಹುದು, ಜನರ ಬಾಯಿ ಮುಚ್ಚಿಸಿ ಅವನಿಗೆ ಅಭ್ಯಾಸವಿದೆ. ಉತ್ತರವಿಲ್ಲದ್ದು ಇನ್ನೊಂದು. ಸಂಜೆ ಮೆಟ್ಟಿಲು ಹತ್ತುವಾಗ ಒಳಗಿನಿಂದ ಮೆಷಿನಿನ ಸದ್ದು ಕೇಳಬೇಕು. ಬುದ್ಧಿ ಬಂದಾಗಿನಿಂದ ಆ ಸದ್ದಿಲ್ಲದ ಮನೆಯಲ್ಲಿ ಅವನು ಒಂದು ದಿನವೂ ಇದ್ದವನಲ್ಲ.

ಒಳಗೆ ಮುಚ್ಚಿದ ಮನೆಯ ವಾಸನೆ. ಹಳೆಯ ಸುಣ್ಣ, ಒಣಗಿದ ಮರ, ಇಲಿಯಿಲ್ಲದ ಧೂಳು. ಇದ್ದವರು ಬಿಟ್ಟುಹೋಗಿ ವರ್ಷವಾಯಿತಂತೆ, ನೀರು ಕರೆಂಟು ಎರಡೂ ಬಂದ್ ಮಾಡಿಸಿದ್ದಾರೆ ಎಂದು ಕೀಲಿ ಕಳಿಸಿಕೊಟ್ಟ ಬ್ರೋಕರ್ ಫೋನಿನಲ್ಲಿ ಹೇಳಿದ್ದ. ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ, ಅಷ್ಟರೊಳಗೆ ಮೇಡಂ ಹೂಂ ಅಂದರೆ ಅವರದೇ, ಇಲ್ಲದಿದ್ದರೆ ನನ್ನ ಕೈಯಲ್ಲಿಲ್ಲ ಎಂದೂ ಸೇರಿಸಿದ್ದ. ಬ್ರೋಕರುಗಳಿಗೆ ಯಾವಾಗಲೂ ಸಂಜೆ ಇನ್ನೊಂದು ಪಾರ್ಟಿ ಬರುತ್ತಿರುತ್ತದೆ. ಆದರೆ ಈ ಮನೆಗೆ ನಿಜವಾಗಿಯೂ ಬರಬಹುದು ಎಂದು ಅವನಿಗೆ ಅನಿಸಿತು. ಮೀಟರ್ ಪೆಟ್ಟಿಗೆ ತೆರೆದ, ಫ್ಯೂಸು ಕಿತ್ತಿದ್ದರು. ಮುಚ್ಚಿದ. ಕರೆಂಟಿಲ್ಲದ ಮನೆಗೆ ಒಂದು ಬಗೆಯ ನಿಶ್ಶಬ್ದವಿರುತ್ತದೆ. ಫ್ರಿಜ್ಜಿನ ಗುಂಯ್ ಇಲ್ಲ, ಫ್ಯಾನಿನ ಗಾಳಿ ಇಲ್ಲ, ಟ್ಯಾಂಕು ತುಂಬುವ ಸದ್ದಿಲ್ಲ. ಅಂಥ ಮನೆಗಳ ಮೇಲೆ ಅವನಿಗೆ ಯಾರಿಗೂ ಹೇಳಿಕೊಳ್ಳದ ಪ್ರೀತಿ ಇತ್ತು. ಗೋಡೆಯ ಮೇಲೆ ಕಪಾಟು ಇದ್ದ ಜಾಗ ಮಾತ್ರ ಹೊಸ ಬಣ್ಣದ ಹಾಗೆ ಉಳಿದಿರುತ್ತದೆ, ಬಚ್ಚಲಲ್ಲಿ ಸೋಪಿನ ಚೂರು ಕಲ್ಲಾಗಿರುತ್ತದೆ. ಯಾರದೋ ಬದುಕು ಈಗಷ್ಟೇ ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ. ಅಂಥಲ್ಲಿ ನಿಂತಾಗ ಅವನಿಗೆ ತಾನು ಎಂದೂ ಇರದಿದ್ದ ಮನೆಗಳಿಗೂ ಮನಸ್ಸು ಮಿಡಿಯುತ್ತಿತ್ತು.

ಇಂಥ ಮನೆಗಳಿಗೆ ಒಂದು ನಿಯಮವಿದೆ. ಬಂದ್ ಮಾಡಿದ್ದನ್ನು ತಪಾಸಣೆಗೆ ಹೋದವನು ಮುಟ್ಟಬಾರದು. ಯಾರು ಬಂದ್ ಮಾಡಿದ್ದಾರೋ ಅವರೇ ಬಂದು ಬಿಡಬೇಕು, ಆಮೇಲೆ ನಾವು ನೋಡಬೇಕು. ಅಲ್ಲಿಯವರೆಗೆ 'ಪರೀಕ್ಷಿಸಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳಬೇಕು. ಅವನಿಗೆ ಕೆಲಸ ಕಲಿಸಿದ ಯಜಮಾನರು ಇದನ್ನು ಬೈದು ಬೈದು ತಲೆಗೆ ತುಂಬಿದ್ದರು. ಅವರ ಕೈಕೆಳಗಿದ್ದ ಒಬ್ಬ, ಖಾಲಿ ಮನೆಯೊಂದರಲ್ಲಿ ಉಪಕಾರ ಮಾಡಲು ಹೋಗಿ ನೀರು ಬಿಟ್ಟು, ಬಟ್ಟೆ ಒಗೆಯುವ ಮೆಷಿನು ಕಿತ್ತೊಯ್ದ ಪೈಪಿಗೆ ಮುಚ್ಚಳವಿಲ್ಲದೆ ಮನೆಯ ತುಂಬ ನೀರು ನಿಂತು, ನೆಲವೆಲ್ಲ ಎದ್ದುಬಂದು ಕೆಲಸ ಕಳೆದುಕೊಂಡಿದ್ದ. ಈ ಕಥೆಯನ್ನು ಅವನು ಮನೆ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ, ಸ್ವಲ್ಪ ಖಾರ ಹಚ್ಚಿಯೇ ಹೇಳುತ್ತಿದ್ದ. ಮುಟ್ಟದೆ ಮಾಡಬಹುದಾದದ್ದು ಒಂದೇ. ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ, ನೀರಿಲ್ಲ ಎಂದು ಕಣ್ಣಾರೆ ನೋಡಿ, ತಿರುಪು ಸಡಿಲವೋ ಬಿಗಿಯೋ ಎಂದು ಕೈಗೆ ತಿಳಿದುಕೊಳ್ಳುವುದು. ಅಡುಗೆಮನೆಯ ನಲ್ಲಿ ತಿರುಗಿಸಿದ, ಒಣಗಿತ್ತು, ಮುಚ್ಚಿದ. ಬಚ್ಚಲಿನದೂ ಹಾಗೇ. ಮಹಡಿ ಹತ್ತಿದ. ಮೇಲೆ ಮೆಟ್ಟಿಲು ಮುಗಿಯುವಲ್ಲಿ ಗೋಡೆಗೆ ಹಚ್ಚಿ ಕೈ ತೊಳೆಯುವ ಒಂದು ಬೇಸಿನ್ನಿತ್ತು. ಅದರ ನಲ್ಲಿಯನ್ನು ತಿರುಗಿಸಿದಾಗ ಒಳಗಿನಿಂದ ಸುಯ್ ಎಂದು ಒಂದು ಉಸಿರು ಬಂತು.

ಅದೇ ಉಸಿರು. ಚಿಕ್ಕಂದಿನಲ್ಲಿ, ಸಾಲುಮನೆಯ ಕೊನೆಯ ಕೋಣೆಯಲ್ಲಿ, ಅಪ್ಪ ಪಾಳಿ ಕೆಲಸಕ್ಕೆ ಹೋದಮೇಲೆ, ಅಕ್ಕ ಮಲಗುವ ಮುಂಚೆ ಹಿತ್ತಿಲ ನಲ್ಲಿಯನ್ನು ಪೂರ್ತಿ ತೆರೆದಿಟ್ಟು, ಅದರ ಕೆಳಗೆ ತಗಡಿನ ಮುಚ್ಚಳವೊಂದನ್ನು ಬೋರಲು ಹಾಕುತ್ತಿದ್ದಳು. ನೀರು ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಪೈಪು ಉಸಿರು ಬಿಡುತ್ತಿತ್ತು, ಆಮೇಲೆ ಮುದುಕನ ಹಾಗೆ ಕೆಮ್ಮುತ್ತಿತ್ತು, ಆಮೇಲೆ ಮುಚ್ಚಳದ ಮೇಲೆ ಟಣ್ ಎಂದು ಮೊದಲ ಹನಿ. ಅಮ್ಮನ ನೆನಪು ಅವನಿಗಿಲ್ಲ. ಬೆಳಗಿನ ಜಾವದ ಆ ಟಣ್ ಇದೆ, ಅದರ ಜೊತೆಗೆ ಅಕ್ಕ ಕತ್ತಲಲ್ಲೇ ಕೂದಲು ಗಂಟು ಹಾಕಿಕೊಳ್ಳುತ್ತ ಏಳುವುದು ಇದೆ. ಅವಳಿಗಾಗ ಎಷ್ಟು ವಯಸ್ಸು, ಅವನ ಮಗಳಿಗಿಂತ ಚಿಕ್ಕವಳು. ಅಪ್ಪನ ಹಳೆಯ ಪ್ಯಾಂಟು ಕತ್ತರಿಸಿ ಅವನಿಗೆ ಶಾಲೆಯ ಚಡ್ಡಿ ಹೊಲಿದು, ಎದೆಗೆ ಟೇಪು ಸುತ್ತಿ ಅಳೆದು, ಟೇಪು ಎರಡು ಸುತ್ತು ಬರುತ್ತಲ್ಲೋ ಎಂದು ನಕ್ಕು, ಕಡ್ಡಿ ಎಂದು ಹೆಸರಿಟ್ಟವಳು ಅವಳೇ. ಈಗ ಅವನ ಹೊಟ್ಟೆಗೆ ಅಂಗಡಿಯ ಬೆಲ್ಟು ಸಾಲುವುದಿಲ್ಲ, ಅವಳು ಈಗಲೂ ಕಡ್ಡಿ ಎಂದೇ ಕರೆಯುತ್ತಾಳೆ, ಅವನ ಸಿಟ್ಟು ಕಂಡವರು ಅದನ್ನು ಬೆಂಕಿಕಡ್ಡಿ ಎಂದು ಅರ್ಥ ಮಾಡಿಕೊಂಡಿದ್ದಾರೆ. ಕೊಡಗಳೆಲ್ಲ ತುಂಬಿದ ಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕೂತು ಒದ್ದೆ ಕಾಲು ಒಣಗಿಸಿಕೊಳ್ಳುತ್ತಿದ್ದರು. ಬೆಳಕು ಹರಿಯುತ್ತಿತ್ತು. ಮುಂದೆ ನಮಗೆ ಸ್ವಂತ ಮನೆ ಆದಾಗ, ಎಂದು ಅಕ್ಕ ಶುರುಮಾಡುತ್ತಿದ್ದಳು, ಮನೆಯೊಳಗೇ ನಲ್ಲಿ, ತಿರುಗಿಸಿದ ಕೂಡಲೇ ನೀರು. ನಮಗೆ ಎನ್ನುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಅಕ್ಕ ಕರೆದಳು. ಅವನು ಮೆಟ್ಟಿಲಿಳಿದು ಹೋದ.

ಅಕ್ಕ ಹಿಂದಿನ ಕೋಣೆಯಲ್ಲಿದ್ದಳು. ಕಿಟಕಿ ತೆರೆದಿದ್ದಳು, ಬೆಳಕು ನೆಲದ ಮೇಲೆ ಚಾಪೆಯ ಹಾಗೆ ಬಿದ್ದಿತ್ತು. ನೆಲದಲ್ಲಿ ಮಂಡಿಯೂರಿ, ಬಟ್ಟೆಗೆ ಗುರುತು ಹಾಕುವ ಬಳಪದಲ್ಲಿ ಒಂದು ಚೌಕ ಬರೆಯುತ್ತಿದ್ದಳು. ಇದು ಮೆಷಿನು ಎಂದಳು. ಚೌಕದ ಹಿಂದೆ ಇನ್ನೊಂದು ಚಿಕ್ಕ ಚೌಕ, ಅದು ಕುರ್ಚಿ. ಆಮೇಲೆ ಎದ್ದು, ಇಲ್ಲದ ಕುರ್ಚಿಯನ್ನು ಹಿಂದಕ್ಕೆ ತಳ್ಳುವವಳ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಇನ್ನೂ ಸರಿದು, ಗೋಡೆ ಸಿಗುವವರೆಗೆ ಸರಿದು, ಅವನ ಮುಖ ನೋಡಿದಳು. ಎಷ್ಟು ಜಾಗ ನೋಡು ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹೇಗಿದೆ ಮನೆ ಎಂದು ಕೇಳಿದಳು.

ಅವನು ಕೆಮ್ಮಿದ. ಇದು ಸುಲಭವಾದ ಜಾಗ. ಸುಳ್ಳು ಬೇಡ, ಮುಖ ಸಣ್ಣದು ಮಾಡುವುದೂ ಬೇಡ, ನಿಯಮವೇ ಕೈಹಿಡಿಯುತ್ತದೆ. ನೀರಿಲ್ಲ ಕರೆಂಟಿಲ್ಲ, ಪೈಪು ಹೇಗಿದೆಯೋ ವೈರು ಹೇಗಿದೆಯೋ ಯಾರಿಗೆ ಗೊತ್ತು, ಹೊರಗಿನಿಂದ ಚೆನ್ನಾಗಿ ಕಂಡರೆ ಆಗಲಿಲ್ಲ, ಮಾರುವವರು ಎರಡನ್ನೂ ಹಾಕಿಸಿಕೊಡಲಿ, ಆಮೇಲೆ ನೋಡೋಣ ಎಂದ. ಅಷ್ಟರಲ್ಲಿ ಮಾರಿಹೋಗುತ್ತಲ್ಲ ಎಂದಳು ಅಕ್ಕ. ಹೋದರೆ ಹೋಗಲಿ, ಇದೊಂದೇ ಏನು ಮನೆ ಎಂದ. ಅವಳು ಬಳಪವನ್ನು ಸೆರಗಿನ ತುದಿಗೆ ಒರೆಸಿ ಚೀಲಕ್ಕೆ ಹಾಕಿದಳು.

"ಆ ಬಿರುಕಿನ ಮನೆಗೆ ಬೇಕರಿಯವರು ಬಂದು ಎಷ್ಟೋ ತಿಂಗಳಾಯ್ತು, ಗೊತ್ತಾ ನಿಂಗೆ?" ಎಂದಳು. "ಪರದೆ ಹೊಲಿಸ್ಕೊಳ್ಳೋಕೆ ನನ್ನನ್ನೇ ಕರೆಸಿದ್ರು. ಅದೇ ಕಿಟಕಿಗೆ. ಸ್ಟೂಲ್ ಹತ್ತಿ ನಿಂತೋಳು ಬಿರುಕನ್ನೂ ಟೇಪ್ ಹಿಡಿದು ಅಳೆದೆ. ನೀನು ತೋರಿಸ್ದಾಗ ಎಷ್ಟಿತ್ತೋ ಆಗಲೂ ಅಷ್ಟೇ ಇತ್ತು ಕಡ್ಡಿ."

ದನಿ ಏರಿಸಿರಲಿಲ್ಲ. ಅಳೆದಳಂತೆ. ತಿಂಗಳುಗಟ್ಟಲೆ ಹಿಂದೆ ಅಳೆದವಳು ಒಂದು ಮಾತೂ ಆಡದೆ, ದಿನಾ ಎದ್ದು ಕುರ್ಚಿ ಸರಿಸಿಕೊಂಡು ಅವನನ್ನು ಬಚ್ಚಲಿಗೆ ಬಿಟ್ಟಿದ್ದಳು. ಹಾಗಾದರೆ ನಾನು ಸುಳ್ಳುಗಾರನಾ, ನನ್ನ ಕಸುಬೇ ಸುಳ್ಳಾ ಎಂದು ಅವನು ಕೂಗಿದ. ಖಾಲಿ ಮನೆಯಲ್ಲಿ ಕೂಗು ದೊಡ್ಡದಾಗಿ ಕೇಳಿಸಿ ಅವನಿಗೇ ನಾಚಿಕೆಯಾಯಿತು. ಈ ಮನೆಗೆ ಹೆಸರಿಡೋಕೆ ಏನೂ ಸಿಗಲಿಲ್ಲ, ಅದಕ್ಕೇ ನೀರಿಲ್ಲ ಅಂತೀಯ ಎಂದಷ್ಟೇ ಹೇಳಿ ಅಕ್ಕ, ಬೀದಿ ಹೇಗಿದೆ ಅಂತ ಪಕ್ಕದ ಮನೆಯವರನ್ನು ಕೇಳಿ ಬರ್ತೀನಿ ಎಂದು ಹೊರಟುಹೋದಳು.

ಅವನು ಗೇಟಿಗೆ ನುಗ್ಗಿದ. ನೀರು ತಾನೆ, ತಗೋ ನೀರು. ಗೇಟಿನ ಪಕ್ಕ ನೆಲದಲ್ಲಿ ಕಬ್ಬಿಣದ ಮುಚ್ಚಳ, ಅದರಡಿ ನೀರಿನ ಮೀಟರು, ಮೀಟರಿನ ಪಕ್ಕ ವಾಲ್ವು. ವರ್ಷದಿಂದ ಯಾರೂ ಮುಟ್ಟದೆ ತುಕ್ಕು ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಯಜಮಾನರನ್ನೂ ಅವರ ನಿಯಮವನ್ನೂ ಬೈದುಕೊಳ್ಳುತ್ತ ತಿರುಗಿಸಿದ. ಕಾಲಡಿಯಲ್ಲಿ ನೀರು ನುಗ್ಗುವುದು ಅಂಗಾಲಿಗೆ ಗೊತ್ತಾಯಿತು. ಮೀಟರಿನ ಮುಳ್ಳು ಗಿರ್ರನೆ ತಿರುಗಿತು. ಪೈಪು ತುಂಬುವವರೆಗೆ ತಿರುಗಿ ನಿಲ್ಲಬೇಕು. ನಿಲ್ಲಲಿಲ್ಲ. ಅವನು ಬಗ್ಗಿ ನೋಡಿದ. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದರೆ ಮುಳ್ಳು ಯಾಕೆ ತಿರುಗಬೇಕು? ನೆಲದಡಿ ಎಲ್ಲೋ ಪೈಪು ಒಡೆದಿದೆ. ನೆಲ ಅಗೆಯಬೇಕು, ಎಲ್ಲ ಕಿತ್ತು ಹೊಸದಾಗಿ ಹಾಕಬೇಕು, ಯಾವ ತಲೆ ಸರಿ ಇರುವವನೂ ಇದನ್ನು ಕೊಳ್ಳುವುದಿಲ್ಲ. ಮಂಡಿಯೂರಿ ಕೂತು ಆ ಮುಳ್ಳನ್ನೇ ನೋಡುತ್ತಿದ್ದವನ ಹೊಟ್ಟೆ ತಣ್ಣಗಾಯಿತು. ಖುಷಿಯೇ ಅದು, ಬೇರೆ ಹೆಸರಿಲ್ಲ. ಅಕ್ಕ ಎಲ್ಲಿಗೂ ಹೋಗುವುದಿಲ್ಲ, ಅದೂ ತನ್ನ ತಪ್ಪಿಲ್ಲದೆ, ನ್ಯಾಯವಾಗಿ. ಅಷ್ಟರಲ್ಲಿ ಬ್ರೋಕರನ ಫೋನು ಬಂತು. ಏನಾಯ್ತು ಸಾರ್ ಎಂದ. ನಿಮ್ಮ ಮನೆ ನೆಲದಡಿ ನದಿ ಹರೀತಾ ಇದೆ ಮಹರಾಯ, ಇಂಥದ್ದನ್ನ ಹೆಂಗಸರ ತಲೆಗೆ ಕಟ್ಟೋಕೆ ಹೊರಟಿದೀರಲ್ಲ ಎಂದು ಶುರುಮಾಡಿ, ಬ್ರೋಕರುಗಳ ಕುಲವನ್ನೆಲ್ಲ ಎಳೆದು ಜಾಲಾಡಿ, ಆ ಕಡೆಯವನು ಸಾರ್ ಸಾರ್ ಎನ್ನುತ್ತಿರುವಾಗಲೇ ಫೋನಿಟ್ಟ. ಎಷ್ಟೋ ದಿನದ ಮೇಲೆ ಮೈ ಹಗುರಾದ ಹಾಗಿತ್ತು.

ಆ ಹಗುರದಲ್ಲೇ ಒಳಗೆ ಬಂದ. ಹಿಂದಿನ ಕೋಣೆಯಲ್ಲಿ ಏನೋ ಸದ್ದು. ಮೂಲೆಯಲ್ಲಿ, ಮೇಲಿನಿಂದ ಪೈಪು ಇಳಿದುಬರುವ ತೂತಿನ ಸುತ್ತ, ಛಾವಣಿ ಒದ್ದೆಯಾಗಿ ಕಪ್ಪಗೆ ಅಗಲವಾಗುತ್ತಿತ್ತು. ಅಲ್ಲಿಂದ ಹನಿಗಳು ಒಂದರ ಹಿಂದೆ ಒಂದು ಬಳಪದ ಚೌಕದ ಮೇಲೆ ಬೀಳುತ್ತಿದ್ದವು. ಒಂದು ಕ್ಷಣ, ನಾಚಿಕೆಯಿಲ್ಲದೆ, ಅವನಿಗೆ ಇನ್ನೂ ಒಂದು ದೋಷ ಸಿಕ್ಕಿತು ಎಂದೇ ಅನಿಸಿತು. ಆಮೇಲೆ ಮೆಟ್ಟಿಲ ಮೇಲಿಂದ ನೀರು ಇಳಿಯುವ ಸದ್ದು ಕೇಳಿತು. ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಬೇಸಿನ್ನಿನ ತೂತಿನಲ್ಲಿ ಯಾರೋ ಬಿಟ್ಟುಹೋದ ಒರೆಸುವ ಬಟ್ಟೆ ಒಣಗಿ ಗಟ್ಟಿಯಾಗಿ ಕೂತಿತ್ತು. ಬೇಸಿನ್ನು ತುಂಬಿ, ಸುತ್ತಲೂ ಸುರಿದು, ನೆಲ ತುಂಬಿ, ಗೋಡೆಯ ಪಕ್ಕದ ತೂತಿನೊಳಗೆ ಸಾಲಾಗಿ ಇಳಿಯುತ್ತಿತ್ತು. ನಲ್ಲಿ ಪೂರ್ತಿ ತೆರೆದಿತ್ತು. ಅವನು ತೆರೆದಿದ್ದ ಹಾಗೆಯೇ.

ಬೇರೆ ಯಾರಿಗೂ ಆಗದ ತಪ್ಪು ಅದು. ನೀರು ಬರುವ ನಲ್ಲಿಯನ್ನು ಯಾರೂ ಮರೆಯುವುದಿಲ್ಲ, ನೀರೇ ನೆನಪು ಮಾಡುತ್ತದೆ. ವರ್ಷವಿಡೀ ಒಣ ಮನೆಗಳ ಒಣ ನಲ್ಲಿಗಳನ್ನು ತಿರುಗಿಸುತ್ತ ತಿರುಗುವವನ ಕೈಗೆ ತೆರೆದದ್ದೂ ಮುಚ್ಚಿದ್ದೂ ಒಂದೇ ಆಗಿಬಿಟ್ಟಿರುತ್ತದೆ. ಅವನು ನಲ್ಲಿ ಮುಚ್ಚಿ, ಬಟ್ಟೆ ಕಿತ್ತೆಸೆದು, ಅಂಗಿ ಬಿಚ್ಚಿ ನೆಲದ ನೀರನ್ನು ಹೀರಿಸಿ ಹೀರಿಸಿ ಬೇಸಿನ್ನಿಗೆ ಹಿಂಡಿದ. ಹಿಂಡಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಿಂಡುತ್ತಲೇ ಇದ್ದ. ಕೆಳಗೆ ಅಕ್ಕನ ಚಪ್ಪಲಿಯ ಸದ್ದು ಕೇಳಿಸಿತು, ಹಿಂದಿನ ಕೋಣೆಯವರೆಗೆ ಹೋಗಿ ನಿಂತಿತು.

ಅವನು ಒದ್ದೆ ಅಂಗಿ ಹಾಕಿಕೊಂಡು ಇಳಿದುಬಂದಾಗ ಅಕ್ಕ ತಲೆ ಎತ್ತಿ ಛಾವಣಿಯನ್ನೇ ನೋಡುತ್ತ ನಿಂತಿದ್ದಳು. ಗೇಟಿನ ಹತ್ತಿರ ತೆರೆದಿಟ್ಟ ವಾಲ್ವನ್ನು ನೋಡಿಕೊಂಡೇ ಬಂದಿರಬೇಕು. ಪಕ್ಕದ ಮನೆಯವರು ಒಳ್ಳೆಯವರಂತೆ, ಹೊಲಿಯುವವರು ಈ ಬೀದಿಯಲ್ಲಿ ಯಾರೂ ಇಲ್ಲವಂತೆ ಎಂದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಆಮೇಲೆ ಕಾಲಿನಿಂದ ಬಳಪದ ಚೌಕವನ್ನು ಅಳಿಸತೊಡಗಿದಳು. ನೆಲ ಒದ್ದೆ ಇದ್ದುದರಿಂದ ಬೇಗ ಅಳಿಯಿತು. ಕುರ್ಚಿಯ ಚೌಕ ಒಣಗಿತ್ತು, ಅದಕ್ಕೆ ಪಾದವನ್ನು ಎರಡು ಮೂರು ಸಲ ಉಜ್ಜಬೇಕಾಯಿತು.

"ಸರಿ ಬಿಡು," ಎಂದಳು. "ನೀನು ಹೇಳಿದ್ದೇ ಸರಿ."

ಅವನು ಸುಮ್ಮನಿದ್ದರೆ ಸಾಕಿತ್ತು. ಒಂದು ಮಾತೂ ಆಡಬೇಕಾಗಿರಲಿಲ್ಲ. ಅವಳು ಫೋನು ತೆಗೆದು ಬ್ರೋಕರನ ನಂಬರು ಹುಡುಕುತ್ತಿದ್ದಳು. ಕನ್ನಡಕ ತಂದಿರಲಿಲ್ಲ, ಕೈ ಉದ್ದ ಮಾಡಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಸಂಜೆ ಮನೆಗೆ ಹೋಗುತ್ತಾರೆ, ಅವನು ಕೈಕಾಲು ತೊಳೆಯಲು ಹೊರಡುತ್ತಾನೆ, ಅವಳು ಏಳುತ್ತಾಳೆ. ಕುರ್ಚಿ ಎತ್ತುವಾಗ ಈಚೆಗೆ ಸೊಂಟಕ್ಕೆ ಒಂದು ಕೈ ಕೊಡುತ್ತಾಳೆ. ಅದನ್ನು ಅವನು ನೋಡಿದ್ದ. ನೋಡಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ.

"ಮೇಲೆ ನಲ್ಲಿ ಬಿಟ್ಟೋನು ನಾನೇ," ಎಂದ. "ಪೈಪ್ ಸೋರ್ತಿಲ್ಲ. ಮನೆ ಚೆನ್ನಾಗಿದೆ."

ಅಕ್ಕ ಫೋನಿನಿಂದ ತಲೆ ಎತ್ತಿ ಅವನನ್ನು ನೋಡಿದ ರೀತಿಗೆ ಅವನಿಗೆ ಬೈಸಿಕೊಂಡಿದ್ದರೆ ಎಷ್ಟೋ ವಾಸಿ ಎನಿಸಿತು. ಕರುಣೆ ಇತ್ತು ಅದರಲ್ಲಿ. ನನಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಬೇಡ ಎಂದಳು. ಊರವರ ಮನೆಯಲ್ಲೆಲ್ಲ ಬಿಡದ ನಲ್ಲಿಯನ್ನು ಇಲ್ಲಿ ಬಿಟ್ಟೆಯಾ, ಮಕ್ಕಳಿಗೆ ಹೇಳು ಎಂದಳು. ಆಣೆ ಮಾಡಿ ಪ್ರಯೋಜನವಿರಲಿಲ್ಲ. ನಿಜವನ್ನೇ ಹೇಳಿ ಅವಳಿಗೆ ಮೂರು ಮನೆ ತಪ್ಪಿಸಿದವನು, ಈಗ ನಿಜ ಹೇಳಿದರೆ ಅದನ್ನು ಯಾವ ಮುಖ ಇಟ್ಟುಕೊಂಡು ನಂಬಿಸುವುದು. ಕೊನೆಗೆ ಅವನಿಗೆ ಗೊತ್ತಿದ್ದುದು ಕಸುಬೊಂದೇ. ಪೈಪು ಒಡೆದಿದ್ದರೆ ವಾಲ್ವು ತೆರೆದಿರುವವರೆಗೆ ಹನಿ ನಿಲ್ಲುವುದಿಲ್ಲ, ಮೀಟರಿನ ಮುಳ್ಳೂ ನಿಲ್ಲುವುದಿಲ್ಲ. ಚೆಲ್ಲಿದ ನೀರಾದರೆ ನಿಲ್ಲುತ್ತದೆ. ಹೊರಗೆ ಕರೆದುಕೊಂಡು ಹೋಗಿ ಮೀಟರು ತೋರಿಸಿದ. ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಅಕ್ಕ ಬಗ್ಗಿ ಅದನ್ನೇ ನೋಡಿದಳು. ಹನಿ ನಿಲ್ಲುತ್ತಾ ನೋಡೋಣ ಎಂದಳು.

ಇಬ್ಬರೂ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಹನಿ ಬೀಳುತ್ತಿತ್ತು. ಬಿಸಿಲಿನ ಚಾಪೆ ಸ್ವಲ್ಪ ಸರಿದಿತ್ತು. ಅವನ ಅಂಗಿಯಿಂದಲೂ ನೀರಿಳಿದು ನೆಲ ಒದ್ದೆಯಾಗುತ್ತಿತ್ತು. ಅಕ್ಕ ತನ್ನ ಸೆರಗಿನಿಂದ ಅವನ ಕತ್ತು ಒರೆಸಲು ಕೈ ಎತ್ತಿ, ಯಾಕೋ ಅರ್ಧಕ್ಕೇ ಇಳಿಸಿದಳು. ಹೀಗೆ ಪಕ್ಕಪಕ್ಕದಲ್ಲಿ, ಏನೂ ಮಾಡದೆ, ಅವಳ ಜೊತೆ ಕೂತು ಎಷ್ಟು ವರ್ಷವಾಯಿತು. ಒಂದೇ ಸೂರಿನಡಿ ಇದ್ದು, ಒಂದೇ ಪಾತ್ರೆಯಿಂದ ಉಂಡು, ಅವನು ಕಂಡದ್ದು ಅವಳ ಬೆನ್ನನ್ನು, ಇಲ್ಲದಿದ್ದರೆ ಎದ್ದು ದಾರಿ ಬಿಡುವ ಅವಳ ಪಕ್ಕೆಯನ್ನು. ಹನಿಗಳ ನಡುವೆ ಅಂತರ ಹೆಚ್ಚುತ್ತಿತ್ತು.

"ಮೊದಲನೇ ಮನೆ ಚೆನ್ನಾಗಿತ್ತು," ಎಂದ ಅವನು, ಗೋಡೆಗೆ ಹೇಳುವ ಹಾಗೆ.

"ಆವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಬಿಟ್ಟೆ?"

"ನಿಂಗೆ ಬೇಡ ಅನ್ನಿಸಿತ್ತಲ್ಲ." ಒಂದು ಹನಿ ಬಿತ್ತು. ಅವಳು ಅದನ್ನು ನೋಡಿದಳು. "ಮೂರು ಸಲ ಬಿಟ್ಟೆ. ಇನ್ನು ನನ್ನ ಕೈಲಾಗಲ್ಲ."

ಅವನಿಗೆ ಅಳು ಬಂತೋ ಸಿಟ್ಟು ಬಂತೋ, ಎರಡೂ ಅವನಲ್ಲಿ ಒಂದೇ ಬಾಗಿಲಿನಿಂದ ಬರುತ್ತಿದ್ದವು. ಕೊನೆಯ ಹನಿ ಛಾವಣಿಗೆ ಅಂಟಿಕೊಂಡು, ದಪ್ಪಗಾಗಿ, ಬೀಳದೆ ಹಾಗೇ ನಿಂತಿತು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಂಡಿಗೆ ಕೈಯೂರಿ ಎದ್ದು ಬ್ರೋಕರನಿಗೆ ಫೋನು ಹಚ್ಚಿ, ಮನೆ ನನಗಿರಲಿ ಎಂದಳು. ಆ ಕಡೆಯವನು ಏನೋ ಉದ್ದಕ್ಕೆ ಹೇಳಿದ. ಅವಳು ಕೇಳುತ್ತ ಕೇಳುತ್ತ ತಿರುಗಿ ತಮ್ಮನನ್ನು ನೋಡಿ, ನೆಲದಡಿ ನದಿ ಹರೀತಿದೆ ಅಂದ್ಯಂತೆ ಎಂದು ಫೋನನ್ನು ಅವನ ಕೈಗೆ ಕೊಟ್ಟಳು.

ಕಸುಬು ಶುರುಮಾಡಿದ ಮೇಲೆ ಅವನು ಯಾವ ಬ್ರೋಕರನಿಗೂ ತಪ್ಪಾಯಿತು ಎಂದವನಲ್ಲ. ಫೋನನ್ನು ಕಿವಿಗಿಟ್ಟುಕೊಂಡ. ನದಿ ಇಲ್ಲ, ಏನಿಲ್ಲ, ನಾನೇ ಒಂದು ನಲ್ಲಿ ಬಿಟ್ಟುಬಂದಿದ್ದೆ, ಹಿಂದಿನ ಕೋಣೆಯ ಮೂಲೆ ಸ್ವಲ್ಪ ಒದ್ದೆಯಾಗಿದೆ, ಒಣಗಿದ ಮೇಲೆ ನಾನೇ ನಿಂತು ಬಣ್ಣ ಹೊಡೆಸಿಕೊಡುತ್ತೇನೆ, ಮಾರುವವರಿಗೂ ಹಾಗೇ ಹೇಳಿ ಎಂದ. ನೀವಾ ಸಾರ್, ಎಂದ ಬ್ರೋಕರ್, ಮತ್ತೆ ನೀವಾ ಎಂದ. ನಾಳೆಯಿಂದ ಊರಿನ ಬ್ರೋಕರುಗಳೆಲ್ಲ ಟೀ ಅಂಗಡಿಯಲ್ಲಿ ಇದನ್ನೇ ಹೇಳಿಕೊಂಡು ನಗುತ್ತಾರೆ. ಹೂಂ ನಾನೇ ಎಂದು ಫೋನು ಅಕ್ಕನಿಗೆ ಕೊಟ್ಟ. ಅವಳ ಮುಖದಲ್ಲಿ ನಗು ಇತ್ತು, ಆದರೆ ಅದನ್ನು ಅವನಿಗೆ ತೋರಿಸದೆ ಕಿಟಕಿ ಹಾಕಲು ತಿರುಗಿದಳು.

ವಾಲ್ವನ್ನು ಮೊದಲಿದ್ದ ಹಾಗೆ ಬಿಗಿಯಾಗಿ ಮುಚ್ಚಿ ಅವನು ಒಳಗೆ ಬಂದಾಗ ಅಕ್ಕ ಮುಂಬಾಗಿಲ ಹತ್ತಿರ ನಿಂತು ಕರೆಗಂಟೆಯ ಗುಂಡಿ ಒತ್ತಿ ನೋಡುತ್ತಿದ್ದಳು. ಕರೆಂಟಿಲ್ಲದೆ ಅದು ಹೇಗೆ ಬಡಿದೀತು ಎಂದ. ಅದೇ ಮತ್ತೆ ಎಂದಳು. ಕರೆಂಟು ಬರುವವರೆಗೆ ಯಾರಾದರೂ ಬಂದರೆ, ಹಿಂದಿನ ಕೋಣೆಯಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು? ಮೆಷಿನಿನ ಸದ್ದು ಬೇರೆ.

"ನಾನು ಒಳಗೆ ಹೋಗಿ ಕೂತ್ಕೋತೀನಿ. ನೀನು ಹೊರಗೆ ನಿಂತು ತಟ್ಟು, ಕೇಳಿಸುತ್ತಾ ನೋಡೋಣ."

ನಾನೇನು ತಟ್ಟೋದು, ಎಂದು ಅವನು ಗೊಣಗಿದ. ಇನ್ನುಮೇಲೆ ತಟ್ಟಿಯೇ ಬರಬೇಕು ತಾನೆ ಎಂದಳು ಅಕ್ಕ, ಮೆತ್ತಗೆ. ಅವನು ಹೊರಗೆ ಹೋದ. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಎಷ್ಟು ಬಾಗಿಲುಗಳ ಮುಂದೆ ನಿಂತವನು ಅವನು. ತಟ್ಟಿ, ತಪಾಸಣೆಯವನು ಎಂದು ಹೇಳಿ, ಚಪ್ಪಲಿ ಬಿಡದೆ ಒಳಗೆ ನುಗ್ಗಿದವನು. ಅಕ್ಕ ಒಳಗಿದ್ದು ಅವನು ಹೊರಗಿರುವ ಮುಚ್ಚಿದ ಬಾಗಿಲನ್ನು ಮಾತ್ರ ಈವರೆಗೆ ಕಂಡಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ತಟ್ಟಿದ. ಒಳಗೆ, ಬಹಳ ದೂರದಿಂದ, ಚಪ್ಪಲಿಯ ಸದ್ದು ಹೊರಟಿತು. ಅದಕ್ಕೆ ಅವಸರವಿರಲಿಲ್ಲ. ನಡುಮನೆಯಲ್ಲಿ ಒಂದು ಕಡೆ ನಿಂತಿತು ಕೂಡ, ಏನೋ ನೋಡಲು. ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿನಿಂದ ಇಣುಕಿ ಒದ್ದೆ ಅಂಗಿಯ ಈ ಮನುಷ್ಯನನ್ನು ನೋಡುತ್ತಿದ್ದಳು. ಸದ್ದು ಬಾಗಿಲಿನ ಆ ಬದಿಗೆ ಬಂದು ನಿಂತಿತು.

"ಯಾರು?"

ಅವನು ಹುಟ್ಟಿದಾಗಿನಿಂದ ಕೇಳಿದ ದನಿ, ಆದರೆ ಈ ರೀತಿಯಲ್ಲಿ ಕೇಳಿರಲಿಲ್ಲ. ತೆಗೆಯಲೋ ಬೇಡವೋ ಎಂದು ತೀರ್ಮಾನಿಸುವ ಹಕ್ಕಿರುವವರ ದನಿ.

"ನಾನು," ಎಂದ.

"ನಾನು ಅಂದ್ರೆ?"

ಸಿಟ್ಟು ಮೂಗಿನ ತುದಿಯವರೆಗೆ ಬಂತು. ಒದ್ದೆ ಅಂಗಿಯನ್ನು ಕೆಳಕ್ಕೆ ಜಗ್ಗಿ ಸರಿಮಾಡಿಕೊಂಡ. ಚಪ್ಪಲಿ ಕಳಚಿ ಗೋಡೆಯ ಪಕ್ಕಕ್ಕೆ ಜೋಡಿಸಿಟ್ಟ. ಆಮೇಲೆ, ಬಾಗಿಲು ಪೂರ್ತಿ ತೆರೆಯಲು ಜಾಗವಾಗಲಿ ಎಂದು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ನಿನ್ನ ತಮ್ಮ," ಎಂದ. "ಬರಬಹುದಾ?"